ಮೊರದಲ್ಲಿ ಕೇರಿದಂತೆ ಮಿದುಳಿನ ಚಿತ್ರ

ಮಕ್ಕಳೇ, ನಮ್ಮ ಕುರುಡುಮಲೆ ಇರುವುದು ಮುಳಬಾಗಿಲು ತಾಲ್ಲೂಕಿನಲ್ಲಿ. ಪಕ್ಕದ ಶ್ರೀನಿವಾಸಪುರ ಎಂದರೆ ಮಾವಿನಹಣ್ಣು ನೆನಪಾಗುತ್ತದಲ್ಲವೇ? ಈಗ ಮಿದುಳಿನ ವಿಜ್ಞಾನದಲ್ಲೂ ಅದರ ಹೆಸರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದವರನ್ನು ಹಲವು ವರ್ಷ ಪರೀಕ್ಷಿಸುವ ಕೆಲಸ ಹಿಡಿದಿದೆ. ಗುರಿ 10,000 ಜನ. ವಯಸ್ಸಾದಂತೆ ಕೆಲವರಿಗೆ ಮಾತ್ರ ಮರೆವಿನ ಕಾಯಿಲೆ ಏಕೆ ಬರುತ್ತದೆ ಎಂದು ತಿಳಿಯಬೇಕು. ಅದಕ್ಕಾಗಿ ಎಂ.ಆರ್.ಐ. ಚಿತ್ರವನ್ನೂ ತೆಗೆಯುತ್ತಾರೆ.

ಮಿದುಳಿನ ಹೊರಪದರ ಬೂದುಬಣ್ಣದ್ದು. ದಪ್ಪ ಸರಾಸರಿ 2.5 ಮಿ.ಮೀ. ಅಷ್ಟೆ. ಒಳಗೆ ಬಿಳಿ ಭಾಗ. ಸುದ್ದಿ ಒಯ್ಯುವ ನರತಂತುಗಳು ಅಲ್ಲಿವೆ. ಅವುಗಳ ಕೊಬ್ಬಿನ ಹೊದಿಕೆಯಿಂದ ಆ ಬಿಳುಪು.

ಚಿತ್ರದಲ್ಲಿ ಮಿದುಳು ಒಂದೊಂದು ಮಿ.ಮೀ. ಅಳತೆಯ 10 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಾಗಿರುತ್ತದೆ. ಯಾವುದು ಬಿಳಿ, ಯಾವುದು ಬೂದು ಎಂದು ಕಂಪ್ಯೂಟರ್ ವಿಂಗಡಿಸುತ್ತದೆ. ಆದರೆ ಬಿ.ಪಿ., ಸಕ್ಕರೆ ಕಾಯಿಲೆಯಿಂದ ಸಣ್ಣ ರಕ್ತನಾಳಗಳು ಸೊರಗಿದರೆ ಬಿಳಿ ಭಾಗದಲ್ಲಿ ಮಂಕು ಕಲೆ ಮೂಡುತ್ತದೆ. ಕಂಪ್ಯೂಟರ್ ಅದನ್ನು ಬೂದು ಎಂದು ಎಣಿಸಿಬಿಡಬಹುದು. ಪೊರೆಯ ಚೂರನ್ನು ಮಿದುಳೆಂದು ತಿಳಿಯುವುದೂ ಉಂಟು. 2.5 ಮಿ.ಮೀ. ಪದರದಲ್ಲಿ 1 ಮಿ.ಮೀ. ತಪ್ಪಿದರೆ, ಸವೆಯದ ಮಿದುಳೂ ಸವೆದಂತೆ ಕಂಡೀತು!

ಅದಕ್ಕೇ ಇಂಥ ಚಿತ್ರಗಳನ್ನು ಮನುಷ್ಯರು ಕೂತು ತಿದ್ದುತ್ತಾರೆ. ಯಂತ್ರದಲ್ಲಿ ಒಕ್ಕಿದ ರಾಗಿಯನ್ನೂ ಅಜ್ಜಿ ಮೊರಕ್ಕೆ ಹಾಕಿ ಕೇರುವುದಿಲ್ಲವೇ, ಹಾಗೆ. ಬಿಟ್ಟುಹೋದ ಚುಕ್ಕಿಯನ್ನು ಮೌಸ್ ಹಿಡಿದು ತುಂಬುತ್ತಾರೆ, ಸೇರಬಾರದ್ದನ್ನು ಅಳಿಸುತ್ತಾರೆ. ಅವಸರ ಕೂಡದು. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ, ಮೂರೂ ಕಡೆ ನೋಡಿಯೇ ತೀರ್ಮಾನಿಸಬೇಕು. ಆಮೇಲೆ ಕಂಪ್ಯೂಟರ್ ಹೊಸದಾಗಿ ಅಳೆಯುತ್ತದೆ.

"ಕಲೆ ತುಂಬಿಬಿಟ್ಟರೆ ಕಾಯಿಲೆ ಮುಚ್ಚಿಟ್ಟ ಹಾಗಾಗಲ್ವಾ ತಾತ?" ಎಂದು ನನ್ನ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇಲ್ಲಿ ತಿದ್ದುವುದು ಬಿಳಿ ಬೂದುಗಳ ನಡುವಿನ ಗಡಿಯನ್ನು ಮಾತ್ರ. ಕಲೆಗಳನ್ನು ಬೇರೊಂದು ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಪ್ರತ್ಯೇಕವಾಗಿ ಅಳೆಯುತ್ತಾರೆ. ಮೂಲಚಿತ್ರವೂ ಹಾಗೆಯೇ ಉಳಿದಿರುತ್ತದೆ.

ಅಜ್ಜ ಅಜ್ಜಿಯರೇ, ನಿಮಗೂ ಎರಡು ಮಾತು. ಎಂ.ಆರ್.ಐ. ಅಯಸ್ಕಾಂತದ ಯಂತ್ರ, ಅದರಲ್ಲಿ ಎಕ್ಸ್‌ರೇ ಇಲ್ಲ. ಒಡವೆ ಬಿಚ್ಚಿಡಿ, ಮೈಯೊಳಗೆ ಪೇಸ್‌ಮೇಕರ್ ಅಥವಾ ಲೋಹವಿದ್ದರೆ ಮೊದಲೇ ಹೇಳಿ. ಸದ್ದಿಗೆ ಹೆದರದೆ, ಅಲುಗಾಡದೆ ಮಲಗಿ. ಅಲುಗಿದರೆ ಚಿತ್ರ ಕಲಸಿಹೋಗಿ ತಿದ್ದುವವರಿಗೂ ಗಡಿ ಕಾಣದು. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ದಿನವೂ ನೆನಪಿಸುವ ಕೆಲಸ, ಮಕ್ಕಳೇ, ನಿಮ್ಮದು.