ಭಿನ್ನಮತೀಯರ ಕನ್ನಡ

ಮುಂಬಯಿಯ ಧಾರಾವಿಯಲ್ಲಿ ದಕ್ಷಿಣದಿಂದ ವಲಸೆ ಬಂದ ಕುಟುಂಬಗಳು ಕೂಡುವ ಚಿಕ್ಕ ಪ್ರಾರ್ಥನಾಸ್ಥಳಗಳಿವೆ. ಇಂಥಲ್ಲಿ ಗೋಪುರವಿರಬೇಕೆಂದಿಲ್ಲ, ಬಿಷಪ್ಪರ ಅಪ್ಪಣೆಯೂ ಬೇಕಿಲ್ಲ. ಕನ್ನಡ ಬೈಬಲು ಚರ್ಚಿಗೆ ಬಳಸುವ ಮಾತು ‘ಸಭೆ’. ಎಂದರೆ ಕಟ್ಟಡವಲ್ಲ, ಕೂಡಿದ ಜನ. ಈ ಅರ್ಥವನ್ನು ಬಿಟ್ಟುಕೊಡದೆ ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಲವರು ಸೆರೆಮನೆ ಸೇರಿದ್ದರು. ಆ ಕಲಹಕ್ಕೂ ಆಧುನಿಕ ಕನ್ನಡ ಗದ್ಯಕ್ಕೂ ಇರುವ ನಂಟನ್ನು ನಮ್ಮ ಸಾಹಿತ್ಯಚರಿತ್ರೆಗಳು ಅಷ್ಟಾಗಿ ಗಮನಿಸಿಲ್ಲ. ‘ಕ್ರೈಸ್ತ ಮಿಷನರಿಗಳು’ ಎಂಬ ಒಂದೇ ಶೀರ್ಷಿಕೆಯಡಿ ಎಲ್ಲರನ್ನೂ ಸೇರಿಸಿ ಮುಂದೆ ಸಾಗುವುದು ರೂಢಿ.

ಎಲ್ಲ ಪಾದ್ರಿಗಳೂ ಆಂಗ್ಲಿಕನ್ ಪ್ರಾರ್ಥನಾವಿಧಿಯನ್ನೇ ಒಪ್ಪಬೇಕೆಂದು 1662ರ ಶಾಸನ ವಿಧಿಸಿದಾಗ ಸುಮಾರು ಎರಡು ಸಾವಿರ ಮಂದಿ ಸ್ಥಾನ ಕಳೆದುಕೊಂಡರು. ನಾನ್‌ಕನ್ಫಾರ್ಮಿಸ್ಟರೆನಿಸಿದ ಇವರ ಪರಂಪರೆಯವರಿಗೆ ಸರಕಾರಿ ಅಧಿಕಾರಸ್ಥಾನದ ಕಾನೂನು ನಿರ್ಬಂಧ 1828ರವರೆಗೂ ಉಳಿಯಿತು. ಆಕ್ಸ್‌ಫರ್ಡಿನ ಬಾಗಿಲು ತೆರೆದದ್ದು 1854ರಲ್ಲಿ. 1795ರಲ್ಲಿ ಹುಟ್ಟಿದ ಲಂಡನ್ ಮಿಷನ್ನಿಗೆ ಈ ಪರಂಪರೆಯೇ ಮುಖ್ಯ ಆಸರೆ. ಅದರ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದನು. ವಿಲಿಯಂ ರೀವ್ ಆಮೇಲೆ ಜೊತೆಗೂಡಿದನು. ಇಡೀ ಬೈಬಲು 1831ರ ಹೊತ್ತಿಗೆ ಕನ್ನಡದಲ್ಲಿ ಹೊರಬಂದಿತು. ರೀವನ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ. ಕಿಟ್ಟೆಲ್ಲರ ಕೋಶಕ್ಕೆ ಇನ್ನೂ ಅರುವತ್ತೆರಡು ವರ್ಷಗಳಿದ್ದವು. ಸ್ವದೇಶದ ವಿಶ್ವವಿದ್ಯಾಲಯ ಹೊರಗಿಟ್ಟ ಪರಂಪರೆಯೊಂದು ಕನ್ನಡ ಕೋಶವಿಜ್ಞಾನಕ್ಕೆ ತಳಹದಿ ಹಾಕಿತೆಂಬುದು ವಿಶ್ವವಿದ್ಯಾಲಯದವರು ನೆನೆಯಬೇಕಾದ ಸಂಗತಿ.

ಭಿನ್ನಮತೀಯರಲ್ಲೂ ಏಕಮತವಿರಲಿಲ್ಲ. 1817ರಲ್ಲಿ ಶ್ರೀರಾಮಪುರದಿಂದ ಕನ್ನಡ ವ್ಯಾಕರಣ ಪ್ರಕಟಿಸಿದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್. ದೀಕ್ಷೆಯೆಂದರೆ ಪ್ರಾಯಕ್ಕೆ ಬಂದವನು ನೀರಿನಲ್ಲಿ ಪೂರ್ಣ ಮುಳುಗುವುದೆಂಬುದು ಆ ಪಂಥದ ಹಟ. ಶಿಶುವಿನ ಮೇಲೆ ನೀರು ಚಿಮುಕಿಸಿದರೂ ಸಾಕೆಂದು ಇತರರು. ‘ಮುಳುಗುವುದು’ ಎಂದೇ ಅನುವಾದಿಸಿದ ಬ್ಯಾಪ್ಟಿಸ್ಟರ ಬಂಗಾಳಿ ಗ್ರಂಥಕ್ಕೆ ಬೈಬಲ್ ಸೊಸೈಟಿ 1830ರ ದಶಕದಲ್ಲಿ ನೆರವು ನಿರಾಕರಿಸಿತು. ಒಂದು ಕ್ರಿಯಾಪದಕ್ಕಾಗಿ ಇಷ್ಟು ಜಗಳ! ಕನ್ನಡದಲ್ಲಿ ನೆಲೆಗೊಂಡ ಮಾತು ‘ದೀಕ್ಷಾಸ್ನಾನ’. ಸ್ನಾನವೆಂದರೆ ಮುಳುಗುವುದೂ ಆಗಬಹುದು, ಮೈಮೇಲೆ ನೀರು ಸುರಿದುಕೊಳ್ಳುವುದೂ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ಜೈನ, ಶೈವ, ವೀರಶೈವ ಬಳಕೆಗಳಲ್ಲಿ ಹದಗೊಂಡ ‘ದೀಕ್ಷೆ’ ಮುಂದೆ ನಿಂತು, ಒತ್ತನ್ನು ನೀರಿನ ಪ್ರಮಾಣದಿಂದ ಬದುಕಿನ ಹೊರಳುವಿಕೆಯ ಕಡೆಗೆ ಒಯ್ದಿತು. ಯೂರೋಪು ತೀರ್ಮಾನಿಸಲಾರದ ವಿವಾದಕ್ಕೆ ಕನ್ನಡದ ಸಮಾಸವೊಂದು ಆಸರೆಯಿತ್ತಿತು.

‘ಯಾತ್ರಿಕನ ಸಂಚಾರ’ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡಕ್ಕೆ ಬಂದ ಕೃತಿಯ ಕರ್ತೃ ಜಾನ್ ಬನ್ಯನ್, ಅನುಮತಿಯಿಲ್ಲದೆ ಬೋಧಿಸಿದ್ದಕ್ಕೆ 1660ರಿಂದ 1672ರವರೆಗೆ ಸೆರೆಯಲ್ಲಿದ್ದವನು. ಮತಪ್ರಚಾರದ ಪುಸ್ತಕವೆಂದಷ್ಟೇ ಇದನ್ನು ಬದಿಗಿಡುವವರು ಅದರೊಳಗಿನ ಸೆರೆಯಾಳಿನ ದನಿಯನ್ನು ಕೇಳುವುದಿಲ್ಲ. ವಚನಗಳ ಪ್ರತಿಭಟನೆಯನ್ನು ಓದಿ ಬೆಳೆದ ವಿದ್ಯಾರ್ಥಿಗಳಿಗೆ ಇದು ಕೇಳಿಸಬೇಕು. ಬಸವಣ್ಣನವರನ್ನು ಲೂಥರನಿಗೆ ಹೋಲಿಸುವ ಸವೆದ ಉಪಮೆಗಿಂತ, ಕಾಯಕದ ಜನ ತಾವೇ ಕೂಡಿ ಧರ್ಮವನ್ನು ಚರ್ಚಿಸುವ ಹಕ್ಕನ್ನು ಕೇಂದ್ರವಾಗಿಟ್ಟು ಹೋಲಿಸುವುದು ಹೆಚ್ಚು ಫಲಕಾರಿ.

ಹಾಗೆಂದು ಈ ಭಿನ್ನಮತೀಯರನ್ನು ವೈಭವೀಕರಿಸಬೇಕಿಲ್ಲ. ಮನೆಯಲ್ಲಿ ರಾಜಧರ್ಮವನ್ನು ನಿರಾಕರಿಸಿದವರು ಇಲ್ಲಿ ಕಂಪನಿಯ ಆಳ್ವಿಕೆಯ ನೆರಳಿನಲ್ಲೇ ನೆಲೆಸಿದರು. ತಮಗೆ ಬೇಡಿದ ಸಹನೆಯನ್ನು ಈ ನಾಡಿನ ದೇವರುಗಳಿಗೆ ತೋರಲಿಲ್ಲ. ಅವರ ನಿಘಂಟು, ಅನುವಾದಗಳನ್ನು ಈ ವೈರುಧ್ಯದೊಂದಿಗೇ ಓದಬೇಕಾಗಿದೆ. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಲಂಡನ್ ಮಿಷನ್ನಿನ ಸಭೆಗಳೂ ಆಂಗ್ಲಿಕನ್ನರೂ ಒಂದೇ ಬಿಷಪ್ ವ್ಯವಸ್ಥೆಯ ಕೆಳಗೆ ಬಂದರು. ಆ ಐಕ್ಯದ ಹೊರಗೆ, ಓಣಿಯ ಕೋಣೆಗಳಲ್ಲಿ, ತಾವೇ ಸಭೆಯೆಂದು ಕೂಡುವವರು ಆಗಲೂ ಉಳಿದರು.