ಬಿದ್ದ ಮರವೂ ಕಾಡೇ

ಬಿರುಗಾಳಿಗೆ ಉರುಳಿದ ಕಾಡಿನ ಮರವನ್ನು ಏನು ಮಾಡಬೇಕು? ಸುಮ್ಮನೆ ಕೊಳೆಯುವ ಬದಲು ಹರಾಜು ಹಾಕಿದರೆ ಬೊಕ್ಕಸಕ್ಕಾದರೂ ನಾಲ್ಕು ಕಾಸು ಬರುತ್ತದೆ ಎಂಬುದು ಮೇಲ್ನೋಟಕ್ಕೆ ವಿವೇಕದ ಮಾತು. ಆ ವಿವೇಕ ಎಷ್ಟು ಕುರುಡು ಎಂಬುದನ್ನು ನಾನು ಕಂಡದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೋ ನದಿ ಕಣಿವೆಯಲ್ಲಿ.

ಪೆಸಿಫಿಕ್ ಸಾಗರದ ಮೋಡಗಳು ಒಲಿಂಪಿಕ್ ಪರ್ವತಗಳಿಗೆ ಬಡಿದು ಸುರಿಯುವ ಮಳೆಯಲ್ಲಿ ಬೆಳೆದ ಸಮಶೀತೋಷ್ಣ ಮಳೆಕಾಡು ಅದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ; ನಮ್ಮ ಆಗುಂಬೆಯ ಹೆಚ್ಚುಕಡಿಮೆ ಅರ್ಧದಷ್ಟು. ಅದರಲ್ಲಿ ಬಹುಪಾಲು ಬೀಳುವುದು ಚಳಿಗಾಲದಲ್ಲಿ. ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಸೆಪ್ಟೆಂಬರಿನ ಒಂದು ಮುಂಜಾವು ಅಲ್ಲಿನ ಕಾಲುದಾರಿ ಹಿಡಿದೆವು. ನಸುಬೆಳಕಿನಲ್ಲಿ ನದಿಯ ದಂಡೆಯ ಮೇಲೆ ಎಲ್ಕ್‌ಗಳ ಹಿಂಡೊಂದು ಮೇಯುತ್ತಿತ್ತು. ನಮ್ಮ ಕಡವೆಯ ಬಂಧುವಾದರೂ ಗಾತ್ರದಲ್ಲಿ ಅದಕ್ಕಿಂತ ದೊಡ್ಡ ಪ್ರಾಣಿ. ಹಿಂಡಿನಾಚೆ ಪ್ರವಾಹ ತಂದು ಹಾಕಿದ ಬೃಹತ್ ದಿಮ್ಮಿಗಳು ನೀರಿಗೆ ಅಡ್ಡಲಾಗಿ ಬಿದ್ದಿದ್ದವು. ಅವುಗಳ ಮರೆಯಲ್ಲಿ ಉಂಟಾಗುವ ಮಡುಗಳೇ ಸಾಲ್ಮನ್ ಮರಿಗಳಿಗೆ ಆಸರೆ.

ಕಾಡಿನೊಳಗೆ ಹೆಜ್ಜೆಹೆಜ್ಜೆಗೂ ಬಿದ್ದ ಮರಗಳು. ಒಂದರ ಬುಡದ ಬೇರುಗಳ ಸಿಕ್ಕಿನಿಂದ ಹೆಬ್ಬೆರಳು ಗಾತ್ರದ ಹಕ್ಕಿಯೊಂದು ತನ್ನ ದೇಹಕ್ಕೆ ಮೀರಿದ ದನಿಯಲ್ಲಿ ಹಾಡುತ್ತಿತ್ತು. ಇನ್ನೊಂದರ ಮೇಲೆ ಅಳಿಲು ಕೂತು ಶಂಕುಕಾಯಿ ಬಿಡಿಸುತ್ತಿತ್ತು. ಮಗದೊಂದರ ಪಕ್ಕದಲ್ಲಿ ಬಾಳೆಹಣ್ಣಿನಷ್ಟು ಉದ್ದದ, ಚಿಪ್ಪಿಲ್ಲದ ಹಳದಿ ಬಸವನಹುಳು ಅಣಬೆ ಮೇಯುತ್ತಿತ್ತು. ಪಾಚಿ, ಜರೀಗಿಡಗಳು ದಟ್ಟವಾಗಿ ಮುಚ್ಚಿದ ಆ ನೆಲದಲ್ಲಿ ಸ್ಪ್ರೂಸ್, ಹೆಮ್‌ಲಾಕ್ ಸಸಿಗಳಿಗೆ ಬೇರೂರಲು ಜಾಗವೇ ಸಿಗುವುದಿಲ್ಲ. ಅವು ಮೊಳೆಯುವುದು ಹೆಚ್ಚಾಗಿ ಉರುಳಿದ ಮರದ ಬೆನ್ನ ಮೇಲೆ. ದಿಮ್ಮಿ ಪೂರ್ತಿ ಮಣ್ಣಾದ ಮೇಲೂ ಅದರ ಮೇಲೆ ಬೆಳೆದ ಮರಗಳು ಗೆರೆ ಎಳೆದಂತೆ ಸಾಲಾಗಿ ನಿಲ್ಲುತ್ತವೆ. ಬೇರುಗಳ ನಡುವಿನ ಟೊಳ್ಳು ಹಿಂದೆ ಅಲ್ಲೊಂದು ಮರವಿತ್ತೆಂದು ಹೇಳುತ್ತದೆ.

ಈ ಕಾಡು ತಾನಾಗಿ ಉಳಿದದ್ದಲ್ಲ. ಎಲ್ಕ್‌ಗಳ ರಕ್ಷಣೆಗಾಗಿ 1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇಲ್ಲಿನ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1915ರಲ್ಲಿ ವುಡ್ರೊ ವಿಲ್ಸನ್ ಅದರ ಸುಮಾರು ಅರ್ಧ ಭಾಗವನ್ನು ಕೈಬಿಟ್ಟರು. 1938ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಷ್ಟಾದರೂ ಬಿದ್ದ ಹಾಗೂ ರೋಗ ತಗಲಿದ ಮರಗಳನ್ನು ತೆರವುಗೊಳಿಸುವ ನೆಪದಲ್ಲಿ ಉದ್ಯಾನದೊಳಗಿನ ಮರ ಗರಗಸದ ಕಾರ್ಖಾನೆಗಳಿಗೆ ಹೋಯಿತು. 1950ರ ದಶಕದಲ್ಲಿ ಪ್ರತಿಭಟನೆ ಎದ್ದ ಮೇಲಷ್ಟೇ ಅದು ನಿಂತದ್ದು. ಬಿದ್ದ ಮರ ಎತ್ತುವ ಪರವಾನಗಿ ನಿಂತ ಮರಕ್ಕೂ ಕುತ್ತಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮಲ್ಲೂ ಈ ಪ್ರಶ್ನೆ ಹೊಸದಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನು ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿಯಲ್ಲೇ ಆದೇಶಿಸಿತು. ಆದರೆ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡೆಲ್ಲ ಈ ಗಡಿಗಳೊಳಗೆ ಇಲ್ಲ. ಹೊರಗುಳಿದ ಕಾಡಿನಲ್ಲಿ ಬಿದ್ದ ಮರವನ್ನು ಇಂದಿಗೂ ಘನಮೀಟರ್ ಲೆಕ್ಕದಲ್ಲೇ ನೋಡುತ್ತೇವೆ. ನಮ್ಮ ಸೆಕೆಯಲ್ಲಿ ಮರ ಬೇಗ ಕೊಳೆಯುತ್ತದೆ, ಗೆದ್ದಲು ಅದನ್ನು ಬೇಗ ಮಣ್ಣು ಮಾಡುತ್ತದೆ, ನಿಜ. ಆ ಮಣ್ಣೇ ಮುಂದಿನ ಮರದ ಅನ್ನ. ಒಣಗಿ ನಿಂತ ಮರ ಮರಕುಟಿಗಕ್ಕೆ ಮನೆ.

ಕಾಡಂಚಿನ ಬಡವರ ಒಲೆಯ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತಲೆಹೊರೆಯ ಪುರಳೆಗೂ ಲಾರಿ ತುಂಬುವ ದಿಮ್ಮಿಗೂ ಇರುವ ಅಂತರವನ್ನು ಕಾನೂನು ಗುರುತಿಸಬಲ್ಲದು. ರಸ್ತೆಗೆ ಅಡ್ಡ ಬಿದ್ದ ಮರವನ್ನು ಕತ್ತರಿಸಿ ಪಕ್ಕಕ್ಕೆ ಸರಿಸಿದರೆ ಸಾಕು, ಡಿಪೊಗೆ ಸಾಗಿಸಬೇಕಿಲ್ಲ. ಅಭಯಾರಣ್ಯಗಳ ಹೊರಗಿನ ಸಹಜ ಕಾಡಿಗೂ ಇದೇ ನಿಯಮ ವಿಸ್ತರಿಸಿದರೆ ಬೊಕ್ಕಸಕ್ಕೆ ಆಗುವ ನಷ್ಟ ಅಲ್ಪ. ಕಾಡಿಗೆ ಮಾತ್ರ ಅದರ ಬೀಜದ ಹೊಲ ಮರಳಿ ಸಿಕ್ಕಂತಾಗುತ್ತದೆ.