ಎಂಜಿನ್ನಿನ ದಾಹಕ್ಕೂ ಒಂದು ಲೆಕ್ಕ ಬೇಕು

ಕೆಲವು ತಿಂಗಳ ಹಿಂದೆ ನನ್ನ ಸೋದರಳಿಯ ತನ್ನ ಟರ್ಬೊ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಮನೆಗೆ ಬಂದ. ಇನ್ನಷ್ಟು ವೇಗದ ಆಸೆಗೆ ಬಿದ್ದು, ಗ್ಯಾರೇಜೊಂದರಲ್ಲಿ ಎಂಜಿನ್ನಿನ ತಂತ್ರಾಂಶ ಬದಲಿಸಿ ಟರ್ಬೊ ಒತ್ತಡವನ್ನು ಏರಿಸಿಕೊಂಡಿದ್ದ. ಇಂಧನ ಪಂಪು ಮಾತ್ರ ಹಳೆಯದೇ ಉಳಿದಿತ್ತು. ಮೂರೇ ವಾರಗಳಲ್ಲಿ ಒಂದು ಪಿಸ್ಟನ್ ಕರಗಿ ತೂತಾಯಿತು. ‘ಮಾವ, ಅವರು ಏನನ್ನೂ ಅಳೆದು ನೋಡಲೇ ಇಲ್ಲ’ ಎಂದ. ಆ ಒಂದು ಮಾತು ನನ್ನನ್ನು ಚಿಂತನೆಗೆ ಹಚ್ಚಿತು.

ಪೆಟ್ರೋಲು ಪೂರ್ಣವಾಗಿ ಉರಿಯಲು ತನ್ನ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಟರ್ಬೊ ಎಂಜಿನ್ ಪೂರ್ಣ ಶಕ್ತಿಯಿಂದ ದುಡಿಯುವಾಗ ಶಾಖವನ್ನು ಹತೋಟಿಯಲ್ಲಿಡಲು ಈ ಅನುಪಾತವನ್ನು ಸುಮಾರು 12ಕ್ಕೆ ಇಳಿಸುವುದು, ಅಂದರೆ ಇಂಧನವನ್ನು ಹೆಚ್ಚಿಸುವುದು ರೂಢಿ. ಟರ್ಬೊ ಗಾಳಿಯನ್ನು ಹೆಚ್ಚು ತುಂಬಿ, ಇಂಧನ ಅದೇ ಪ್ರಮಾಣದಲ್ಲಿ ಹೆಚ್ಚದಿದ್ದರೆ ಶಾಖ ಮಿತಿಮೀರಿ ಎಂಜಿನ್ ಹಾಳಾಗುತ್ತದೆ. ಇಂಜೆಕ್ಟರನ್ನು ಮಾತ್ರ ದೊಡ್ಡದು ಮಾಡಿದರೆ ಸಾಲದು. ಒತ್ತಡ ಏರಿದಂತೆ ಪಂಪಿನ ಹರಿವು ಕುಗ್ಗುತ್ತದೆ. ಪಂಪು, ಕೊಳವೆ, ಒತ್ತಡ ನಿಯಂತ್ರಕ, ಇಂಜೆಕ್ಟರು, ತಂತ್ರಾಂಶ ಇವೆಲ್ಲವೂ ಪರಸ್ಪರ ಹೊಂದಬೇಕು. ಅತ್ಯಂತ ಕಿರಿದಾದ ಕೊಂಡಿಯೇ ಇಡೀ ಉತ್ಪಾದನೆಯ ಮಿತಿ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಹೊಸ ಪಾಠವೇನಲ್ಲ.

ಕೈ ಸುಟ್ಟುಕೊಂಡವನು ಅವನೇ ತಾನೆ, ಸಮಾಜಕ್ಕೇನು ಎಂದು ಕೇಳಬಹುದು. ಲಾಭ ಒಬ್ಬನದು, ವೆಚ್ಚ ಹಲವರದು. ಲೆಕ್ಕ ತಪ್ಪಿ ಇಂಧನ ಹೆಚ್ಚಾದರೆ ಇಂಗಾಲದ ಮಾನಾಕ್ಸೈಡ್ ಹಾಗೂ ಉರಿಯದ ಇಂಧನದ ಆವಿ ಬೀದಿಗೆ ಸೇರುತ್ತವೆ. ಸಡಿಲ ಜೋಡಣೆಯಿಂದ ಸೋರಿದ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಪಕ್ಕದ ವಾಹನಕ್ಕೂ ಅಪಾಯ. ನಮ್ಮ ಮಾಲಿನ್ಯ ತಪಾಸಣೆಯಾದರೋ ಪೆಟ್ರೋಲು ಕಾರನ್ನು ನಿಲ್ಲಿಸಿ, ಎಂಜಿನ್ ಭಾರವಿಲ್ಲದೆ ತಿರುಗುವಾಗ ನಡೆಯುತ್ತದೆ. ತಪ್ಪು ಬಯಲಾಗುವುದು ಭಾರ ಬಿದ್ದಾಗ!

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು. ಆದರೂ ಕೆಲಸ ನಿಂತಿಲ್ಲ, ಕತ್ತಲೆಗೆ ಸರಿದಿದೆ. ರಸೀದಿಯಿಲ್ಲ, ದಾಖಲೆಯಿಲ್ಲ, ಹೊಣೆಗಾರರಿಲ್ಲ. ಬೇಡಿಕೆ ಇರುವೆಡೆ ಬರಿಯ ನಿಷೇಧ ಗುಣಮಟ್ಟವನ್ನಷ್ಟೇ ಕೊಲ್ಲುತ್ತದೆ ಎಂಬುದನ್ನು ಸರ್ಕಾರಿ ಸೇವೆಯ ದಶಕಗಳಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ.

ದಾರಿಯೂ ಅದೇ ಕಾಯ್ದೆಯಲ್ಲಿದೆ. ಪೆಟ್ರೋಲು ಕಾರಿಗೆ ಸಿಎನ್‌ಜಿ ಅಳವಡಿಸುವುದು ಇಂಧನ ವ್ಯವಸ್ಥೆಯ ಬದಲಾವಣೆಯೇ. ಅಲ್ಲಿ ಅನುಮೋದಿತ ಕಿಟ್ ಮತ್ತು ನೋಂದಣಿ ಪತ್ರದಲ್ಲಿ ನಮೂದಿನ ಕ್ರಮವಿದೆ. ಜರ್ಮನಿಯಲ್ಲಿ ಮಾರ್ಪಾಡುಗಳನ್ನು ಮಾನ್ಯ ತಜ್ಞರು ಪರಿಶೀಲಿಸಿ ವಾಹನದ ದಾಖಲೆಗೆ ಸೇರಿಸುತ್ತಾರೆ. ಇಂಧನ ವ್ಯವಸ್ಥೆಯ ಉನ್ನತೀಕರಣಕ್ಕೂ ಅಂಥದ್ದೇ ಕ್ರಮ ಬೇಕು: ಒಟ್ಟಾಗಿ ಪರೀಕ್ಷಿಸಿದ ಬಿಡಿಭಾಗಗಳು, ಭಾರ ಹೇರಿದ ಎಂಜಿನ್ನಿನ ಹೊಗೆ ತಪಾಸಣೆ, ವಿಮಾ ಕಂಪನಿಗೆ ಕಡ್ಡಾಯ ಮಾಹಿತಿ. ಇದಕ್ಕೆ ಒಪ್ಪದವರ ಕಾರಿನ ಜಾಗ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ರೇಸು ಹಾದಿಯೇ ಹೊರತು ಸಾರ್ವಜನಿಕ ರಸ್ತೆಯಲ್ಲ.

ಉಳ್ಳವರ ಶೋಕಿಗೆ ಸರ್ಕಾರವೇಕೆ ತಲೆಕೆಡಿಸಿಕೊಳ್ಳಬೇಕು ಎಂಬ ಆಕ್ಷೇಪ ನ್ಯಾಯವಾದುದೇ. ಖರ್ಚನ್ನು ಅವರೇ ಶುಲ್ಕವಾಗಿ ಭರಿಸಲಿ. ಆದರೆ 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ 20ಕ್ಕೆ ಮುಟ್ಟಿದೆ. ಪ್ರತಿ ಲೀಟರಿಗೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹಳೆಯ ಕಾರುಗಳ ಕೆಲವು ರಬ್ಬರು ಭಾಗಗಳಿಗೂ ಅದು ಒಗ್ಗದು. ಇಂಧನ ವ್ಯವಸ್ಥೆಯನ್ನು ಅಳೆದು ಪರೀಕ್ಷಿಸಿ ಸರಿಪಡಿಸಬಲ್ಲ ಮಾನ್ಯ ಕಾರ್ಯಾಗಾರಗಳ ಅಗತ್ಯ ಸಾಮಾನ್ಯ ಮಾಲೀಕನಿಗೂ ಬಂದೊದಗಿದೆ.

ನನ್ನ ಸೋದರಳಿಯನ ಕೈ ಸೇರಿದ್ದು ಗುಜರಿ ಪಿಸ್ಟನ್ನು ಮಾತ್ರ, ಅದೃಷ್ಟ. ಮುಂದಿನವನಿಗೂ ಆ ಅದೃಷ್ಟ ಇರುತ್ತದೆಂಬ ಭರವಸೆಯ ಮೇಲೆ ಸಾರ್ವಜನಿಕ ನೀತಿ ನಿಲ್ಲಬಾರದು.